ಹಗೇವಿಗೆ ಬಿದ್ದ ಮರಿ, ರದ್ದಿ ಪೇಪರಿನ ಊರು

ಹೂಂ ಅನ್ನೋರಿಗೆ ಕತಿ, ಆಕಳಿಸೋರಿಗೆ ಗುದ್ದು. ಕೇಳ್ರಿ ಮತ್ತ.

ಒಂದೂರಾಗ ಚುಕ್ಕವ್ವ ಅನ್ನೋ ಕೋಳಿ ಇದ್ಲು. ಚುಕ್ಕವ್ವಗ ಒಂದ ಮರಿ. ಒಂದಂದ್ರ ಒಂದ. ಆ ಮರಿ ಹೋಗಿ ಹಗೇವಿಗೆ ಬಿತ್ತು. ಹಗೇವು ಅಂದ್ರ ಗೊತ್ತೇನು? ಜೋಳ ತುಂಬಿಡಾಕ ನೆಲದಾಗ ತೋಡಿದ ಕುಣಿ. ಬಾಯಿ ಸಣ್ಣದು, ಹೊಟ್ಟಿ ದೊಡ್ಡದು. ಜೋಳ ತೀರಿತ್ತು. ಒಳಗ ಬರೇ ಕತ್ತಲಿ. ಹೊತ್ತು ಮುಳುಗಿದ್ರ ಹೆಗ್ಗಣ ಬರ್ತಾವ, ಇಷ್ಟಿಷ್ಟು ದಪ್ಪ ಹೆಗ್ಗಣ.

"ಚಿಂವ್ ಚಿಂವ್! ಯವ್ವಾ, ಎತ್ತಬೇ ನನ್ನ!"

"ಹೆದರಬ್ಯಾಡ ನನ ಕೂಸ. ಹೊತ್ತು ಮುಳುಗೋದ್ರಾಗ ಬರ್ತೀನಿ!"

ಆ ಊರಿನ ಮಂದಿ ಎಂಥವರು ಅಂತ ಒಂಚೂರು ಹೇಳ್ತೀನಿ. ಆ ಊರಿಗೆ ಪೇಪರ್ ಬರ್ತಿದ್ದಿಲ್ಲ. ಕಾಶಪ್ಪನ ಅಂಗಡಿಗೆ ರದ್ದಿ ಬರ್ತಿತ್ತು. ಬೆಲ್ಲ ಕಟ್ಟಾಕ, ಬ್ಯಾಳಿ ಕಟ್ಟಾಕ. ಓದಾಕ ಬರ್ತಿದ್ದದ್ದು ಕಾಶಪ್ಪಗ ಒಬ್ಬಗ. ಪೊಟ್ಟಣ ಕಟ್ಟೋ ಮುಂದ ದಪ್ಪ ಅಕ್ಷರ ಇದ್ದದ್ದು ದೊಡ್ಡ ದನಿಲೆ ಓದ್ತಿದ್ದ. ಮಂದಿ ಬಾಯಿ ತಕ್ಕೊಂಡು ಕೇಳ್ತಿದ್ರು. ‘ಇಂದು’ ಅಂತ ಓದಿದ್ರ ಇವತ್ತ ಅಂತ ನಂಬ್ತಿದ್ರು. ನಾಳೆ ಎದ್ದರೂ ಇವತ್ತ! ಭಾರಿ ಶಾಣ್ಯಾ ಮಂದಿ.

ಚುಕ್ಕವ್ವ ಓಡಿದ್ಲು, ಓಡಿದ್ಲು. ಹಗ್ಗ ಹೊಸಿಯೋ ಯಮನಪ್ಪನ ಮನಿಗೆ ಬಂದ್ಲು. ಯಮನಪ್ಪ ಕೌದಿ ಹೊತ್ಕೊಂಡು ಮೂಲ್ಯಾಗ ಕುಂತಿದ್ದ. ಹೊರಗ ರಣರಣ ಬಿಸಲು.

"ಯಮನಪ್ಪಣ್ಣಾ! ನನ್ನ ಮರಿ ಹಗೇವಿನಾಗ ಚಿಂವ್ ಚಿಂವ್! ಹಗ್ಗ ಇಳಿಬಿಡು ಬಾರೋ."

"ಆಗಂಗಿಲ್ಲ. ಪೇಪರಿನಾಗ ಬಂದೈತಿ. ‘ಇಂದು ಸೂರ್ಯಗ್ರಹಣ: ಯಾರೂ ಹೊರಗೆ ಬರಬೇಡಿ.’"

"ಸೂರ್ಯ ನೆತ್ತಿ ಸುಡಾಕತ್ಯಾನ, ನೋಡಬಾ!"

"ಅಂವ ಸುಳ್ಳು ಹೇಳ್ತಾನ. ಪೇಪರ್ ಹೇಳ್ತತೇನು?" ಅಂದ. ಕೌದಿ ಮತ್ತಿಷ್ಟು ಎಳಕೊಂಡ.

ಚುಕ್ಕವ್ವ ಓಡಿದ್ಲು, ಓಡಿದ್ಲು. ಯಮನಪ್ಪನ ಗೆಳೆಯ ಪೀರಣ್ಣ, ಕಟಿಂಗ್ ಅಂಗಡಿ ಪೀರಣ್ಣ. ಅವನ ಕಡೆ ಬಂದ್ಲು. ಪೀರಣ್ಣ ಕುರ್ಚಿ ಮ್ಯಾಲ ಕಾಲು ಚಾಚಿ ಕುಂತಿದ್ದ. ನೆಲದ ಮ್ಯಾಲ ಒಬ್ಬ ಗಿರಾಕಿ. ಅವನ ಅರ್ಧ ತಲಿ ಬೋಳು, ಅರ್ಧ ತಲಿ ಕೂದಲ.

"ಪೀರಣ್ಣಾ! ಯಮನಪ್ಪ ಕೌದಿ ಬಿಡವಲ್ಲ. ನನ್ನ ಮರಿ ಹಗೇವಿನಾಗ ಚಿಂವ್ ಚಿಂವ್! ಅವನ್ನ ಎಬ್ಬಿಸು ಬಾರೋ."

"ಆಗಂಗಿಲ್ಲ. ಪೇಪರಿನಾಗ ಬಂದೈತಿ. ‘ಇಂದು ಬಂದ್: ಎಲ್ಲ ಕೆಲಸ ಸ್ಥಗಿತ.’ ಎಬ್ಬಿಸೋದೂ ಕೆಲಸಾನ ಹೌದಲ್ಲ?"

"ನಿನ್ನೆನೂ ಬಂದ್ ಅಂದಿ. ಮೊನ್ನೆನೂ ಬಂದ್ ಅಂದಿ. ನನ್ನ ಅರ್ಧ ತಲಿ ಗತಿ ಏನೋ?" ಅಂದ ಗಿರಾಕಿ.

"ಪೇಪರ್‌ನ ಕೇಳು" ಅಂದ ಪೀರಣ್ಣ.

ಪೀರಣ್ಣ ಊರಾಗ ಹೆದರೋದು ಒಬ್ಬಾಕಿಗೆ. ಬಳಿ ಮಾರೋ ನೀಲವ್ವಗ. ಚುಕ್ಕವ್ವ ಓಡಿದ್ಲು, ಓಡಿದ್ಲು. ನೀಲವ್ವ ಮಾಳಗಿ ಮ್ಯಾಲ ಏರಿ ಕುಂತಿದ್ಲು. ಬಳಿ ಗಂಟು ಎದಿಗೆ ಅವಚಿಕೊಂಡಿದ್ಲು.

"ನೀಲವ್ವಕ್ಕಾ! ಪೀರಣ್ಣ ಕುರ್ಚಿ ಬಿಡವಲ್ಲ. ಯಮನಪ್ಪ ಕೌದಿ ಬಿಡವಲ್ಲ. ನನ್ನ ಮರಿ ಹಗೇವಿನಾಗ ಚಿಂವ್ ಚಿಂವ್! ಪೀರಣ್ಣಗ ಎರಡು ಮಾತು ಹೇಳು ಬಾರಬೇ."

"ಆಗಂಗಿಲ್ಲವ್ವಾ. ಪೇಪರಿನಾಗ ಬಂದೈತಿ. ‘ಇಂದು ಊರಿಗೆ ನುಗ್ಗಲಿದೆ ಹೊಳೆ.’"

"ನಮ್ಮೂರಾಗ ಹೊಳಿ ಎಲ್ಲೈತಿ? ಹಳ್ಳಾನೂ ಇಲ್ಲ!"

"ಅದಕ್ಕ ತಡ ಆಗೈತಿ. ದೂರದಿಂದ ಬರಬೇಕಲ್ಲ?" ಅಂದ್ಲು ನೀಲವ್ವ.

ಹೊತ್ತು ವಾಲಿತು. ಚುಕ್ಕವ್ವನ ಜೀವ ಬಾಯಿಗೆ ಬಂತು. ಇನ್ನ ಗೌಡ್ರೇ ಗತಿ ಅಂತ ಓಡಿದ್ಲು, ಓಡಿದ್ಲು. ಗೌಡ್ರು ಊರ ಬಾಗಲದಾಗ, ಅಗಸಿ ಮುಂದ ನಿಂತಿದ್ರು. ಕೈಯಾಗ ಹಾರ. ಮೂರು ದಿನದ ಹಾರ. ಹೂವೆಲ್ಲ ಆಡು ತಿಂದಿತ್ತು, ದಾರ ಉಳಿದಿತ್ತು.

"ಗೌಡ್ರ! ನೀಲವ್ವ ಮಾಳಗಿ ಬಿಡವಲ್ಲಳು. ಪೀರಣ್ಣ ಕುರ್ಚಿ ಬಿಡವಲ್ಲ. ಯಮನಪ್ಪ ಕೌದಿ ಬಿಡವಲ್ಲ. ನನ್ನ ಮರಿ ಹಗೇವಿನಾಗ ಚಿಂವ್ ಚಿಂವ್! ನೀಲವ್ವನ್ನ ಇಳಸ್ರಿ ಬರ್ರಿ."

"ಏ, ಸರಿ ಅತ್ಲಾಗ! ಪೇಪರಿನಾಗ ಬಂದೈತಿ. ‘ಇಂದು ಊರಿಗೆ ಮಂತ್ರಿ ಭೇಟಿ.’ ಮಂತ್ರಿ ಬಂದಾಗ ಗೌಡ ಅಗಸ್ಯಾಗ ಇರಬೇಕೋ, ಕೋಳಿ ಹಿಂದ ಓಡಬೇಕೋ?"

ಚುಕ್ಕವ್ವಗ ಅಳು ಬಂತು. ಅಳುಕೋತ ಕಾಶಪ್ಪನ ಅಂಗಡಿಗೆ ಓಡಿದ್ಲು.

"ಕಾಶಪ್ಪಣ್ಣಾ! ಗೌಡ್ರು ಅಗಸಿ ಬಿಡವಲ್ರು. ನೀಲವ್ವ ಮಾಳಗಿ ಬಿಡವಲ್ಲಳು. ಪೀರಣ್ಣ ಕುರ್ಚಿ ಬಿಡವಲ್ಲ. ಯಮನಪ್ಪ ಕೌದಿ ಬಿಡವಲ್ಲ. ನನ್ನ ಮರಿ ಹಗೇವಿನಾಗ ಚಿಂವ್ ಚಿಂವ್! ನೀ ಓದಿದ್ದು ಇವತ್ತಿನ ಪೇಪರೇನೋ?"

"ಇವತ್ತಿಂದಾ?" ಕಾಶಪ್ಪ ಹೊಟ್ಟಿ ಕುಣಿಸಿ ನಕ್ಕ. "ರದ್ದಿ ಅದು! ನಾ ಹುಟ್ಟೋಕ್ಕಿಂತ ಮೊದಲಿಂದು."

"ಮತ್ತ ಹೇಳಬಾರದೇನೋ?"

"ಯಾರೂ ಕೇಳ್ಲಿಲ್ಲ. ಹೇಳಿದ್ರ ನನ್ನ ಅಂಗಡಿಗೆ ಯಾರು ಬರ್ತಾರ? ಮಂದಿ ಬೆಲ್ಲಕ್ಕ ಬರಂಗಿಲ್ಲ, ಸುದ್ದಿಗೆ ಬರ್ತಾರ!"

ಚುಕ್ಕವ್ವನ ಅಳು ಅಲ್ಲೇ ನಿಂತಿತು. ಮೈಯೆಲ್ಲ ಸಿಟ್ಟು. "ಹಂಗೇನು?" ಅಂದ್ಲು. ರದ್ದಿ ಬುಟ್ಟ್ಯಾಗಿನ ಒಂದು ಹಾಳಿ ಕೊಕ್ಕಿನಾಗ ಕಚ್ಚಿಕೊಂಡ್ಲು. ಸೀದಾ ಅಗಸಿಗೆ ಓಡಿದ್ಲು. ಹಾಳಿ ಗೌಡ್ರ ಮುಂದ ಹರವಿ ಮ್ಯಾಲ ಕಾಲಿಟ್ಲು.

"ಗೌಡ್ರ, ಪೇಪರಿನಾಗ ಬಂದೈತಿ! ‘ಇಂದು ಮಂತ್ರಿ ಹಗೇವು ನೋಡಲು ಬರುತ್ತಾರೆ. ಒಳಗೆ ಕೋಳಿಮರಿ ಕಂಡರೆ ಗೌಡರ ಗೌಡಿಕೆ ಹೋಗುತ್ತದೆ!’"

"ಯಪ್ಪೋ!" ಅಂದ್ರು ಗೌಡ್ರು. ಅಗಸಿ ಬಿಟ್ರು. ಧೋತರ ಎತ್ತಿ ಹಿಡಕೊಂಡು ಓಡಿದ್ರು.

"ಏ ನೀಲವ್ವಾ, ಇಳಿ! ಮಂತ್ರಿ ಬರ್ತಾರ!"

"ಹೊಳಿ ಬರ್ತತ್ರಿ ಗೌಡ್ರ!"

"ಮಂತ್ರಿ ಬರೋ ದಿನ ಬರಾಕ ಹೊಳಿಗೆಷ್ಟು ಸೊಕ್ಕು? ಇಳೀ!"

ನೀಲವ್ವ ಮಾಳಗಿ ಬಿಟ್ಲು. ಪೀರಣ್ಣನ ಕಡೆ ಓಡಿದ್ಲು. "ಏ ಪೀರ್ಯಾ, ಏಳು! ಮಂತ್ರಿ ಬರ್ತಾರ!"

"ಬಂದ್ ಐತೆಕ್ಕಾ!"

"ಬಂದ್ ಬೇಕೋ, ಬಳಿ ಗಂಟಿನ ಏಟು ಬೇಕೋ?"

ಪೀರಣ್ಣ ಕುರ್ಚಿ ಬಿಟ್ಟ. ಕತ್ತಿ ಹಿಡಕೊಂಡು ಓಡಿದ. "ಏ ಯಮನ್ಯಾ, ಹೊರಗ ಬಾ! ಇಲ್ಲಾಂದ್ರ ಅರ್ಧ ಮೀಸಿ ಬೋಳಿಸ್ತೀನಿ! ಮಂತ್ರಿ ಬರ್ತಾರ!"

"ಗ್ರಹಣ ಐತೋ!"

"ಮಂತ್ರಿ ಬರ್ತಾರಂತ ಅದನ್ನ ಮುಂದಕ್ಕ ಹಾಕ್ಯಾರ!"

"ಹೌದೇನು? ಹಂಗಾದ್ರ ಸರಿ" ಅಂದ ಯಮನಪ್ಪ. ಕೌದಿ ಬಿಟ್ಟ.

ಗೌಡ್ರು ಅಗಸಿ ಬಿಟ್ಟಾಗ ನೀಲವ್ವ ಮಾಳಗಿ ಬಿಟ್ಲು. ನೀಲವ್ವ ಮಾಳಗಿ ಬಿಟ್ಟಾಗ ಪೀರಣ್ಣ ಕುರ್ಚಿ ಬಿಟ್ಟ. ಪೀರಣ್ಣ ಕುರ್ಚಿ ಬಿಟ್ಟಾಗ ಯಮನಪ್ಪ ಕೌದಿ ಬಿಟ್ಟ. ಯಮನಪ್ಪ ಹಗ್ಗ ಬಿಟ್ಟ, ಹಗ್ಗಕ್ಕ ಬುಟ್ಟಿ ಕಟ್ಟಿ ಬಿಟ್ಟ. ಮರಿ ಬುಟ್ಟ್ಯಾಗ ಕುಂತಿತು. ಎಳದ್ರು, ಎಳದ್ರು, ಎಳದ್ರು. ಹೊತ್ತು ಮುಳುಗಾಕ ಒಂದು ಗೇಣು ಇತ್ತು. ಚಿಂವ್! ಮರಿ ಮ್ಯಾಲ ಬಂತು.

ಚುಕ್ಕವ್ವ ಮರಿನ್ನ ರೆಕ್ಕ್ಯಾಗ ತಗೊಂಡ್ಲು. ತಿರುಗಿ ನೋಡಲಿಲ್ಲ, ಹೊಂಟ್ಲು. ಗೌಡ್ರು, ನೀಲವ್ವ, ಪೀರಣ್ಣ, ಯಮನಪ್ಪ ಹಗೇವಿನ ಸುತ್ತ ಸಾಲು ಹಚ್ಚಿ ನಿಂತ್ರು. ಮಂತ್ರಿ ದಾರಿ ಕಾಯ್ಕೋತ ನಿಂತ್ರು.

ರೆಕ್ಕಿ ಒಳಗಿಂದ ಮರಿ ಕೇಳಿತು, "ಯವ್ವಾ, ನನ್ನ ಮ್ಯಾಲ ತೆಗಿಸಿದವರು ಯಾರು?"

"ಮಂತ್ರಿ, ನನ ಕೂಸ."

"ಅವರು ಎಲ್ಲದಾರಬೇ?"

"ಎಲ್ಲೂ ಇಲ್ಲ. ಅದಕ್ಕ ಕೆಲಸ ಆತು."

ಮರಿ ಗೂಡಿಗೆ ಹೋತು, ಕತಿ ನಿಮ್ಮ ಹೊಟ್ಟಿಗೆ ಹೋತು. ಏಳ್ರಿನ್ನ, ರೊಟ್ಟಿ ಆರ್ತಾವ.