ತಿಮ್ಮಬೋವಿಯ ಎದೆಯ ಫಿಲ್ಮು

ಪಾರ್ಶ್ವನಾಥ ಮೇಷ್ಟ್ರ ಬಳಿ ಎಕ್ಸ್-ರೇ ಕಲಿಯಲು ಬಂದವರು ಮೊದಲ ಆರು ತಿಂಗಳು ಮಷಿನ್ನು ಮುಟ್ಟುವಂತಿರಲಿಲ್ಲ.

ಹೊಳೆಯ ದಂಡೆಯ ಊರು. ಒಂದು ಆಸ್ಪತ್ರೆ. ಅದರ ಹಿಂಬದಿಗೆ ಎರಡು ಕೋಣೆಯ ಕಾಲೇಜು.

ಯಶೋದಾ ಅಲ್ಲಿಗೆ ಸೇರಿದ ದಿನವೇ ಒಂದು ಕಂದು ಕವರು ಹಿಡಿದು ಮೇಷ್ಟ್ರ ಮುಂದೆ ನಿಂತಳು.

"ನಮ್ಮಪ್ಪಂದು ಸರ್. ಎದೆ ಎಕ್ಸ್-ರೇ. ಕಡೇದು."

"ಅಪ್ಪ ಎಲ್ಲಿದಾರೆ?"

"ತೀರ್ಕೊಂಡ್ರು. ಮೂರು ವರ್ಷ ಆಯ್ತು. ತಿಮ್ಮಬೋವಿ ಅಂತ. ಕಲ್ಲು ಕ್ವಾರಿಲಿದ್ರು."

"ರಿಪೋರ್ಟು?"

"ಕಳೆದೋಯ್ತು. ಇದೊಂದೇ ಉಳಿದಿರೋದು. ಫೋಟೋ ಅಂದ್ರೆ ರೇಷನ್ ಕಾರ್ಡಿನದು. ಅದರಲ್ಲೂ ಮುಖದ ಮೇಲೇ ಸೀಲು ಬಿದ್ದಿದೆ. ಇದರಲ್ಲಿ ಏನಿದೆ ಅಂತ ನೋಡಿ ಹೇಳಿ ಸರ್."

ಮೇಷ್ಟ್ರು ಕವರು ಮುಟ್ಟಲಿಲ್ಲ.

"ರೋಗ ಓದೋದು ಡಾಕ್ಟರ ಕೆಲಸ. ತೆಗೆಯೋದು ನಮ್ಮದು."

"ಡಾಕ್ಟರಿಗೂ ತೋರಿಸ್ದೆ. 'ಸತ್ತೋರ ಫಿಲ್ಮು ಇಟ್ಕೊಂಡು ಏನಮ್ಮ ಮಾಡ್ತೀಯ' ಅಂದ್ರು."

"ಏನು ಮಾಡ್ತೀಯ?"

"ನೋಡ್ಬೇಕು ಅನ್ಸುತ್ತೆ ಸರ್," ಅಂದಳು ಯಶೋದಾ. "ದಿನಾ ನೋಡ್ತೀನಿ. ಏನೂ ಕಾಣಲ್ಲ."

"ಮೊದಲು ತೆಗೆಯೋದು ಕಲಿ. ಕಲಿತ ದಿನ ತಗೊಂಡು ಬಾ."

ಆ ಒಂದು ಮಾತಿಗೆ ಅವಳು ಎರಡು ವರ್ಷ ಕಾದಳು.

ಮೊದಲ ಆರು ತಿಂಗಳು ಬಂದವರನ್ನು ನಿಲ್ಲಿಸುವುದಷ್ಟೇ ಕೆಲಸ. ಸರ, ಬಳೆ, ಉಡಿದಾರ ತೆಗೆಸುವುದು. ಹೆಂಗಸರನ್ನು ಪಕ್ಕಕ್ಕೆ ಕರೆದು ಬಸುರಿದ್ದೀರಾ ಎಂದು ಕೇಳುವುದು. ಗದ್ದ ಮೇಲೆ, ಎದೆ ಪ್ಲೇಟಿಗೆ, ಭುಜ ಮುಂದಕ್ಕೆ.

"ಪ್ಲೇಟು ತಣ್ಣಗಿರುತ್ತೆ ಅಂತ ಮೊದಲೇ ಹೇಳು. ಬೆಚ್ಚಿಬೀಳ್ತಾರೆ."

ಆಮೇಲೆ ಬಟನ್ನು. ಒಮ್ಮೆ ಭುಜ ಓರೆಯಾಗಿ ಚಿತ್ರ ಕೆಟ್ಟಿತು. ಇನ್ನೊಂದು ತೆಗೆದರಾಯಿತು ಎಂದಳು ಯಶೋದಾ.

"ಇನ್ನೊಂದು ತೆಗೆದ್ರೆ ಇನ್ನೊಂದು ಸಲ ಕಿರಣ," ಎಂದರು ಮೇಷ್ಟ್ರು. "ತಪ್ಪು ನಿಂದು, ಮೈ ಅವರದು. ಯಾವ ನ್ಯಾಯ?"

ಮುಂದಿನ ಹದಿನೈದು ದಿನ ಅವಳನ್ನು ಬಟನ್ನಿನ ಹತ್ತಿರ ಬಿಡಲಿಲ್ಲ.

ಕಂದು ಕವರು ಮಾತ್ರ ಬ್ಯಾಗಿನಲ್ಲೇ ಇತ್ತು. ಸಹಪಾಠಿ ಮುಸ್ತಫಾ ರೇಗಿಸುತ್ತಿದ್ದ. "ಏನಮ್ಮ ಅದು, ಫಿಲ್ಮೋ ಹಪ್ಪಳಾನೋ? ಮುರಿಯದ ಹಾಗೆ ದಿನಾ ಹೊತ್ಕೊಂಡು ಬರ್ತೀಯ."

"ಹಪ್ಪಳ ಆಗಿದ್ರೆ ನಿನ್ ಕೈಲಿ ಉಳೀತಿತ್ತಾ?"

ಪ್ರತಿ ಪರೀಕ್ಷೆ ಮುಗಿದಾಗಲೂ ಅವಳು ಹೋಗಿ ಕೇಳುತ್ತಿದ್ದಳು.

"ಕಲಿತೆನಾ ಸರ್?"

"ಇಲ್ಲ."

ಹೊರಗಿನಿಂದ ಬಂದ ಪರೀಕ್ಷಕರು ಅವಳು ತೆಗೆದ ಚಿತ್ರಗಳನ್ನು ಹೊಗಳಿ ಹೋದರು. ಅವತ್ತೂ ಕೇಳಿದಳು.

"ಇನ್ನೂ ಇಲ್ಲ."

"ಇನ್ನೇನು ಬಾಕಿ ಇದೆ ಸರ್?"

ಮೇಷ್ಟ್ರು ಕನ್ನಡಕ ಒರೆಸುತ್ತಿದ್ದರು. ಒರೆಸುತ್ತಲೇ ಇದ್ದರು.

ಪರದೆಯ ಮೇಲೆ ಯಾರ ಎದೆ ಮೂಡಿದರೂ ಯಶೋದಾ ಅದರಲ್ಲಿ ಅಪ್ಪನದನ್ನು ಹುಡುಕುತ್ತಿದ್ದಳು. ಬಟನ್ನು ಒತ್ತಿದ ಕ್ಷಣವೇ ಕಣ್ಣು ಅತ್ತ ಓಡುತ್ತಿತ್ತು. ಅದು ಅವಳಿಗೇ ಗೊತ್ತಿರಲಿಲ್ಲ.

ಕೋರ್ಸು ಮುಗಿಯಲು ಒಂದು ವಾರ ಇತ್ತು. ನಂಜುಂಡಾಚಾರಿ ಎಂಬ ಮುದುಕರು ಚೀಟಿ ಹಿಡಿದು ಬಂದರು. ಮರಗೆಲಸದವರು, ತಿಂಗಳಿಂದ ಕೆಮ್ಮು.

"ಎಷ್ಟು ಹೊತ್ತು ಆಗುತ್ತೆ ತಾಯಿ?"

"ಉಸಿರು ಹಿಡಿಯೋ ಅಷ್ಟೊತ್ತು ತಾತ."

"ಅಷ್ಟೇನಾ? ಎಪ್ಪತ್ತಾರು ವರ್ಷದಿಂದ ಹಿಡ್ಕೊಂಡೇ ಇದೀನಲ್ಲ."

ನಗುತ್ತಲೇ ಅವರನ್ನು ಪ್ಲೇಟಿಗೆ ಒರಗಿಸಿದಳು. ಗದ್ದ ಎತ್ತಿದಳು. ಭುಜ ಮುಂದಕ್ಕೆ ತಂದಳು. ಗಾಜಿನ ಈಚೆ ಬಂದು ಮೈಕಿನಲ್ಲಿ ಹೇಳಿದಳು.

"ಉಸಿರು ಎಳ್ಕೊಳ್ಳಿ. ಪೂರ್ತಿ. ಹಿಡ್ಕೊಳ್ಳಿ. ಬಿಡಿ ಅನ್ನೋವರೆಗೂ ಬಿಡಬಾರದು."

ಒತ್ತಿದಳು.

ಚಿತ್ರ ಬಂತು. ಕೊರಳ ಕೆಳಗಿನ ಎರಡೂ ಮೂಳೆ ಸಮ. ಹೆಗಲ ಹಿಂದಿನ ಚಪ್ಪಟೆ ಮೂಳೆ ಎಲ್ಲೂ ಶ್ವಾಸಕೋಶಕ್ಕೆ ಅಡ್ಡ ಬಂದಿಲ್ಲ. ಎರಡು ವರ್ಷದಲ್ಲಿ ಇಂಥದ್ದೊಂದು ಬಂದಿರಲಿಲ್ಲ.

"ಸರ್! ಇಲ್ಲಿ ಬನ್ನಿ ಸರ್, ಇದನ್ನ ನೋಡಿ!"

ಮೇಷ್ಟ್ರು ಬಂದರು. ಪರದೆಯನ್ನು ನೋಡಲಿಲ್ಲ. ಅವಳನ್ನು ದಾಟಿ ಗಾಜಿನ ಹತ್ತಿರ ಹೋದರು.

ಆಚೆ ನಂಜುಂಡಾಚಾರಿ ಹಾಗೇ ನಿಂತಿದ್ದರು. ಗದ್ದ ಮೇಲೆ, ಭುಜ ಮುಂದಕ್ಕೆ. ಕತ್ತಿನ ನರ ಹಗ್ಗದಂತೆ ಉಬ್ಬಿತ್ತು. ಕಿವಿಯ ಹಿಂದೆ ಕೆಂಪೇರಿತ್ತು.

ಮೇಷ್ಟ್ರು ಮೈಕು ಹುಡುಕಲಿಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದರು.

"ಬಿಡಿ ಯಜಮಾನ್ರೇ. ಉಸಿರು ಬಿಡಿ."

ಮುದುಕರು ಬಿಟ್ಟರು. ಕೆಮ್ಮು ಒತ್ತರಿಸಿ ಬಂತು. ಗೋಡೆ ಹಿಡಿದು ಕುಳಿತರು. ಯಶೋದಾ ನೀರು ತಂದು ಕೊಟ್ಟಳು.

"ಯಾಕೆ ತಾತ ಹಿಡ್ಕೊಂಡೇ ಇದ್ರಿ?"

"ನೀನು ಹೇಳ್ಲಿಲ್ವಲ್ಲ ತಾಯಿ." ಅವರು ಕಣ್ಣೊರೆಸಿಕೊಂಡರು. "ಕೊನೇಲಿ ಒಂಚೂರು ಅಲುಗಾಡ್ದೆ. ಚಿತ್ರ ಕೆಟ್ಟೋಯ್ತಾ? ಬೇಕಾದ್ರೆ ಇನ್ನೊಂದು ಸಲ ಹಿಡೀತೀನಿ."

ಮೇಷ್ಟ್ರು ಬೈಯಲಿಲ್ಲ. ಅವರು ಬೈಯದೆ ಇದ್ದದ್ದು ಅದೇ ಮೊದಲು.

ಹೊರಗೆ ಇನ್ನೂ ಹತ್ತೊಂಬತ್ತು ಜನ ಕಾಯುತ್ತಿದ್ದರು. ಯಶೋದಾ ಒಬ್ಬೊಬ್ಬರನ್ನೇ ಕರೆದಳು. ನಿಲ್ಲಿಸಿದಳು. ಹಿಡ್ಕೊಳ್ಳಿ ಎಂದಳು. ಒತ್ತಿದಳು. ಬಿಡಿ ಎಂದಳು. ಗಾಜಿನಾಚೆ ಅವರ ಭುಜ ಇಳಿಯುವುದನ್ನು ಕಂಡ ಮೇಲೆ ಪರದೆಯ ಕಡೆ ತಿರುಗಿದಳು.

ಸರದಿ ಮುಗಿದಾಗ ಮಧ್ಯಾಹ್ನ ಮೂರು ಗಂಟೆ. ಯಾರೂ ಊಟ ಮಾಡಿರಲಿಲ್ಲ.

ಅವಳು ಬ್ಯಾಗು ಹೆಗಲಿಗೇರಿಸಿ ಮೇಷ್ಟ್ರ ಮುಂದೆ ನಿಂತಳು.

"ಇನ್ಮೇಲೆ ಕೇಳಲ್ಲ ಸರ್. ನಾನು ಕಲಿತಿಲ್ಲ."

"ಆ ಕವರು ತಾ."

"ಕಲಿತ ದಿನ ಅಂದಿದ್ರಿ..."

"ಏನಂದಿದ್ದೆ ಅಂತ ನನಗೆ ಗೊತ್ತು. ತಾ."

ಗೋಡೆಯ ಮೇಲಿನ ಹಳೆಯ ಬೆಳಕಿನ ಪೆಟ್ಟಿಗೆಯನ್ನು ಈಗ ಯಾರೂ ಬಳಸುತ್ತಿರಲಿಲ್ಲ. ಮೇಷ್ಟ್ರು ಅದರ ಧೂಳು ಒರೆಸಿ, ಸ್ವಿಚ್ಚು ಹಾಕಿ, ತಿಮ್ಮಬೋವಿಯ ಫಿಲ್ಮು ಸಿಕ್ಕಿಸಿದರು.

ಬೆರಳು ತಾಗಿಸದೆ, ಮೇಲಿಂದ ಒಂದೊಂದೇ ಪಕ್ಕೆಲುಬು ಎಣಿಸುತ್ತ ಬಂದರು.

"ಏಳು. ಎಂಟು. ಒಂಬತ್ತು. ಹತ್ತನೇದೂ ಇಣುಕ್ತಾ ಇದೆ. ಉಸಿರು ಅರ್ಧ ಎಳೆದ್ರೆ ಎಷ್ಟು ಕಾಣ್ತವೆ?"

"ಏಳು ಸರ್. ಎಳೆದಾಡಿದ್ರೆ ಎಂಟು."

"ಕ್ವಾರಿ ಮನುಷ್ಯ ಅಂತೀಯ. ಕೆಮ್ಮು ಇತ್ತಾ?"

"ಎರಡು ಮಾತಾಡಿದ್ರೆ ಕೆಮ್ಮೋರು."

"ಈ ಅಂಚು ನೋಡು. ಇಲ್ಲಿ, ಎದೆಗುಂಡಿಗೆಯದು. ಅಲುಗಿದ್ದಿದ್ರೆ ಮಸುಕಾಗ್ತಿತ್ತು."

ಗೆರೆ ಎಳೆದಂತೆ ಸ್ಪಷ್ಟವಾಗಿತ್ತು.

"ಎಳ್ಕೊಳ್ಳಿ ಅಂದ್ರು, ಆದಷ್ಟೂ ಎಳ್ಕೊಂಡಿದಾರೆ. ಹಿಡ್ಕೊಳ್ಳಿ ಅಂದ್ರು, ಹಿಡ್ಕೊಂಡಿದಾರೆ. ನನಗೆ ಓದೋಕೆ ಬರೋದು ಇಷ್ಟೇ."

ಯಶೋದಾ ನೋಡಿದಳು. ಮೂರು ವರ್ಷ, ಆಮೇಲೆ ಎರಡು ವರ್ಷ, ಅದರಲ್ಲಿ ಬಿಳಿ ಕಲೆ ಹುಡುಕಿದ್ದಳು, ಕಪ್ಪು ಹುಡುಕಿದ್ದಳು. ಇವತ್ತು ಅಲ್ಲೊಬ್ಬ ಮನುಷ್ಯ ನಿಂತಿದ್ದ. ಅಂಗಿ ತೆಗೆದು, ಗದ್ದ ಎತ್ತಿ, ತಣ್ಣನೆ ಪ್ಲೇಟಿಗೆ ಎದೆ ಒತ್ತಿ.

"ಅಪ್ಪ ಹಂಗೇ ಸರ್," ಎಂದಳು. "ದೊಡ್ಡೋರು ಏನಾದ್ರೂ ಹೇಳಿದ್ರೆ, ಮತ್ತೆ ಅವರೇ ಹೇಳೋವರೆಗೂ..."

ಫಿಲ್ಮು ಬಿಟ್ಟು ಮೇಷ್ಟ್ರ ಕಡೆ ತಿರುಗಿದಳು.



"ಸರ್, ಅಪ್ಪಂಗೆ ಆಮೇಲೆ 'ಬಿಡಿ' ಅಂತ ಹೇಳಿದ್ರಾ?"

ಅವರು ದೀಪ ಆರಿಸಿದರು. ಫಿಲ್ಮನ್ನು ಕವರಿನೊಳಗೆ ಸರಿಸಿ, ಎರಡೂ ಕೈಯಿಂದ ಅವಳಿಗೆ ಕೊಟ್ಟರು.

"ಅದು ಫಿಲ್ಮಿನಲ್ಲಿ ಬರಲ್ಲ ಕಣಮ್ಮ."