ಕೆಂದಿಯ ಹೆಸರಿನ ತಟ್ಟೆ

"ಗುರುಗಳೇ, ಒಳ್ಳೆಯ ಕೆಲಸ ಎಂದರೆ ಊರೆಲ್ಲ ಒಪ್ಪುತ್ತದೆ. ಆದರೆ ಕೈ ಹಾಕಲು ಒಬ್ಬನೂ ಬರುವುದಿಲ್ಲ. ಯಾಕೆ?" ಎಂದು ಚೆನ್ನವೀರ ಕೇಳಿದ.

ಅವನು ಗುರುಗಳ ಹಳೆಯ ಶಿಷ್ಯ. ಓದು ಮುಗಿದ ಮೇಲೆ ತನ್ನ ಊರಿಗೆ ಹೋಗಿ ಕಬ್ಬಿಣದ ಅಂಗಡಿ ಇಟ್ಟಿದ್ದ. ಅಂಗಡಿಯ ಚಿಂತೆಗಿಂತ ಊರಿನ ಕಸ, ನೀರು, ನೆರಳಿನ ಚಿಂತೆಯೇ ಅವನಿಗೆ ಹೆಚ್ಚು. ವರ್ಷಕ್ಕೊಮ್ಮೆ ಗುರುಗಳನ್ನು ನೋಡಲು ಬರುತ್ತಿದ್ದ. ಈ ಸಲ ಬಂದಾಗ ಅವನ ಮುಖ ಬಾಡಿತ್ತು.

"ನೀನು ಮಾಡಿದ್ದೇನು, ಹೇಳು" ಎಂದರು ಗುರುಗಳು.

"ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದೆ. ಮಾಳಿಗೆಯ ಮೇಲೆ ಬಿದ್ದ ಮಳೆನೀರನ್ನು ತೊಟ್ಟಿಗೆ ಇಳಿಸಿಕೊಳ್ಳಿ ಎಂದೆ. ಸಂತೆಗೆ ಬಟ್ಟೆಯ ಚೀಲ ತನ್ನಿ ಎಂದೆ. ಎಲ್ಲರೂ ತಲೆಯಾಡಿಸಿದರು. ಬಸ್ ನಿಲ್ದಾಣದಿಂದ ಕೆರೆಯವರೆಗೆ ರಸ್ತೆಯ ಎರಡು ಬದಿಗೂ ಹೊಂಗೆ, ಬೇವು ನೆಡಿಸಿದೆ. ಒಂದೊಂದು ಗಿಡಕ್ಕೂ ಕಬ್ಬಿಣದ ಬೇಲಿ ಮಾಡಿಸಿದೆ. ಹಸಿರು ಬಣ್ಣ ಬಳಿಸಿದೆ, ಮೇಲೊಂದು ತಗಡಿನ ಫಲಕ ಕಟ್ಟಿಸಿದೆ. ಬೇಸಿಗೆ ಬಂತು. ಗಿಡದ ಎದುರಿಗೇ ಮನೆಯಿರುವವರು ಜಗಲಿಯ ಮೇಲೆ ಕೂತು ಅದು ಒಣಗುವುದನ್ನು ನೋಡಿದರೇ ಹೊರತು ಒಂದು ಚೊಂಬು ನೀರು ಹಾಕಲಿಲ್ಲ. ನಾನೊಬ್ಬನೇ ಕೊಡ ಹೊರುತ್ತಿದ್ದೇನೆ. ಅರ್ಧ ಗಿಡಗಳು ಸತ್ತವು. ಉಳಿದವು ಈ ಬೇಸಿಗೆ ದಾಟುವುದು ಅನುಮಾನ. ನಮ್ಮ ಊರಿನವರು ಅಷ್ಟು ಕೆಟ್ಟವರೇ, ಗುರುಗಳೇ?"

ಗುರುಗಳು ನಕ್ಕರು.

"ಕೆಟ್ಟವರಾಗಿದ್ದರೆ ನಿನ್ನ ಬೇಲಿಯ ಕಬ್ಬಿಣ ಇಷ್ಟು ಹೊತ್ತಿಗೆ ಗುಜರಿ ಸೇರಿರುತ್ತಿತ್ತು. ಕೂತುಕೋ. ಒಂದು ಊರಿನ ಕತೆ ಹೇಳುತ್ತೇನೆ."

ಚೆನ್ನವೀರ ಕೂತ. ಗುರುಗಳು ಹೇಳಿದರು.

ಒಂದು ಊರು. ಊರಿಗೊಂದು ಕೆರೆ. ಕುಡಿಯುವುದಕ್ಕೂ ಅದೇ ನೀರು, ಗದ್ದೆಗೂ ಅದೇ ನೀರು. ಆ ಊರಿನವರಿಗೆ ಊಟ ಹಾಕುವುದೆಂದರೆ ಬಹಳ ಇಷ್ಟ. ಮದುವೆ, ನಾಮಕರಣ, ತಿಥಿ, ಹೊಸ ಮನೆ, ಏನೇ ಇರಲಿ, ಊರನ್ನೆಲ್ಲ ಕರೆದು ಉಣಿಸದಿದ್ದರೆ ಅವರಿಗೆ ಸಮಾಧಾನವಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಹಿಂದೆ ಮುತ್ತುಗದ ಎಲೆಯಲ್ಲಿ ಉಣ್ಣುತ್ತಿದ್ದರು. ಕಡ್ಡಿ ಚುಚ್ಚಿ ಎಲೆ ಹಚ್ಚುವ ಮುದುಕಿಯರು ಒಬ್ಬೊಬ್ಬರಾಗಿ ತೀರಿಹೋದರು. ಆಮೇಲೆ ಪೇಟೆಯಿಂದ ಬಿಸಾಡುವ ತಟ್ಟೆಗಳು ಬಂದವು. ಬೆಳ್ಳಗೆ, ಹಗುರವಾಗಿ, ಕಟ್ಟುಕಟ್ಟಾಗಿ ಸಿಗುತ್ತಿದ್ದವು. ತೊಳೆಯುವ ಗೋಜಿಲ್ಲ. ಉಂಡವರು ಎದ್ದುಹೋಗುತ್ತಿದ್ದರು, ತಟ್ಟೆಗಳು ಕೆರೆ ಏರಿಯ ಹಿಂದೆ ರಾಶಿ ಬೀಳುತ್ತಿದ್ದವು. ಗಾಳಿ ಬೀಸಿದರೆ ನೀರಿಗೆ ಹೋಗುತ್ತಿದ್ದವು. ಕೆರೆಯ ತೂಬು ಕಟ್ಟಿಕೊಂಡಿತು. ನೀರು ನಾರತೊಡಗಿತು.

ಆ ಊರಿನಲ್ಲಿ ಒಬ್ಬ ಹಾಲಿನವಳಿದ್ದಳು. ಗಂಡ ಇರಲಿಲ್ಲ. ಒಬ್ಬಳು ಮಗಳು, ಒಂದು ಹಸು. ಹಸುವಿನ ಹೆಸರು ಕೆಂದಿ. ಕೆಂಪು ಮೈ, ಗುಣ ಬಹಳ ಮೆತ್ತಗೆ. ಊರಿನ ಎಷ್ಟೋ ಮಕ್ಕಳು ಬೆಳೆದದ್ದು ಅದರ ಹಾಲಿನಲ್ಲಿ. ಊರಿನ ಎಣ್ಣೆ ವರ್ತಕನ ತಂದೆಗೆ ಕೊನೆಗಾಲದಲ್ಲಿ ಗಂಟಲಿನಲ್ಲಿ ಬೇರೇನೂ ಇಳಿಯದಿದ್ದಾಗ ಕೆಂದಿಯ ಹಾಲೊಂದು ಇಳಿಯುತ್ತಿತ್ತು.

ಒಂದು ಮದುವೆಯ ಮಾರನೆಯ ದಿನ ಕೆಂದಿ ಏರಿಯ ಹಿಂದೆ ಮೇಯಲು ಹೋಯಿತು. ತಟ್ಟೆಗಳಲ್ಲಿ ಅನ್ನ ಮೆತ್ತಿಕೊಂಡಿತ್ತು. ಅನ್ನದ ವಾಸನೆಗೆ ತಟ್ಟೆಯನ್ನೂ ತಿಂದಿತು. ಹೊಟ್ಟೆ ಉಬ್ಬಿ ಬಿದ್ದುಕೊಂಡಿತು, ಮತ್ತೆ ಏಳಲಿಲ್ಲ. ಡಾಕ್ಟರು ಬಂದು ಹೊಟ್ಟೆ ಕೊಯ್ದು ನೋಡಿದಾಗ ಒಳಗಿದ್ದದ್ದು ಹುಲ್ಲಲ್ಲ.

ಹಾಲಿನವಳು ಊರ ಪಂಚರ ಮುಂದೆ ಬಂದು ನಿಂತಳು. "ನನ್ನ ಹಸುವಿನ ಹೊಟ್ಟೇಲಿದ್ದ ತಟ್ಟೆ ಯಾರ ಮನೇದು?" ಎಂದು ಕೇಳಿದಳು.

ಅದಕ್ಕೆ ಉತ್ತರ ಕೊಡುವುದಾದರೂ ಹೇಗೆ? ಬಿಸಾಡುವ ತಟ್ಟೆಯ ಮೇಲೆ ಯಾರೂ ಹೆಸರು ಹೊಡೆಸುವುದಿಲ್ಲ.

ಆದರೆ ಎಲ್ಲರಿಗೂ ನಾಚಿಕೆಯಾಯಿತು. ಸಭೆ ಸೇರಿದರು. ಸಭೆ ಎಂದ ಮೇಲೆ ಬಂದವರೆಲ್ಲ ಮಾತಾಡಿದರು. ಕೊನೆಗೆ ಎಣ್ಣೆ ವರ್ತಕ ಎದ್ದು ಒಂದು ಮಾತು ಹೇಳಿದ. "ಛತ್ರದಲ್ಲಿ ಒಂದು ಕೋಣೆ ಖಾಲಿ ಇದೆ. ಮನೆಮನೆಯಿಂದಲೂ ಸ್ಟೀಲಿನ ತಟ್ಟೆ, ಲೋಟ ಕೊಡೋಣ. ಯಾರ ಮನೆಯ ಊಟಕ್ಕಾದರೂ ಅಲ್ಲಿಂದ ಒಯ್ಯಲಿ, ತೊಳೆದು ತಂದಿಡಲಿ." ಬಹಳ ಒಳ್ಳೆಯ ಮಾತು. ಅದಕ್ಕಿಂತ ಒಳ್ಳೆಯದನ್ನು ನಾನೂ ಹೇಳಲಾರೆ. ವರ್ತಕ ಆಡಿ ಸುಮ್ಮನಾಗಲಿಲ್ಲ, ಮೊದಲು ತಾನೇ ಕೊಟ್ಟ.

ಕೊಡುವ ಮುಂಚೆ ತಟ್ಟೆಗಳನ್ನು ಹೆಸರು ಹೊಡೆಯುವವನ ಹತ್ತಿರ ಕಳಿಸಿದ. ನಮ್ಮವರ ಪದ್ಧತಿ ನಿನಗೆ ಗೊತ್ತಲ್ಲ. ಹೆಸರು ಹೊಡೆಸದ ಪಾತ್ರೆಯನ್ನು ನಾವು ಅಟ್ಟದ ಮೇಲೂ ಇಡುವುದಿಲ್ಲ. ವರ್ತಕ ತನ್ನ ತಂದೆಯ ಹೆಸರು ಹೊಡೆಸಿ, ಅದರ ಕೆಳಗೆ ತನ್ನ ಹೆಸರು ಹೊಡೆಸಿದ. ಅದನ್ನು ನೋಡಿ ಪಕ್ಕದ ಮನೆಯ ಅಕ್ಕಸಾಲಿಗ ಇನ್ನಷ್ಟು ತಟ್ಟೆ ತಂದು ತನ್ನ ಹೆಸರು ಇನ್ನೂ ದಪ್ಪ ಅಕ್ಷರದಲ್ಲಿ ಹೊಡೆಸಿದ. ಅವರಿಬ್ಬರಿಗೂ ಮನೆ ನಡುವಿನ ಮೋರಿಯ ವಿಷಯದಲ್ಲಿ ಹಳೆಯ ಜಗಳವಿತ್ತು. ಊರಿನವರೆಲ್ಲ ಹೊಡೆಸಿದರು. ಹೆಸರು ಹೊಡೆಯುವವನಿಗೆ ಊಟ ಮಾಡಲು ಪುರುಸೊತ್ತಿರಲಿಲ್ಲ. ಕೋಣೆ ತುಂಬಿತು.

ಮೊದಲನೆಯ ಊಟ ಚೆನ್ನಾಗಿಯೇ ನಡೆಯಿತು. ಏರಿಯ ಹಿಂದೆ ಒಂದು ತಟ್ಟೆಯೂ ಬೀಳಲಿಲ್ಲ. ಆಮೇಲಿನ ಊಟಗಳಲ್ಲಿ ಜನ ಬಡಿಸುವ ಮುಂಚೆ ತಟ್ಟೆ ಓದತೊಡಗಿದರು. ಅಕ್ಕಸಾಲಿಗನ ಮುಂದೆ ವರ್ತಕನ ಹೆಸರಿನ ತಟ್ಟೆ ಬಂತು. ಅವನು ಅದನ್ನು ಪಕ್ಕಕ್ಕೆ ಸರಿಸಿ, "ಬೇರೆ ತನ್ನಿ" ಎಂದ. ಇನ್ನೊಬ್ಬ, "ಇದು ಆ ಕೇರಿಯವರ ತಟ್ಟೆ, ನನಗೆ ಬೇಡ" ಎಂದ. ಅದನ್ನು ಕೊಟ್ಟವನು ಅದೇ ಪಂಕ್ತಿಯ ತುದಿಯಲ್ಲಿ ಕೂತಿದ್ದ. ಅವನಿಗೆ ಅನ್ನ ಸೇರಲಿಲ್ಲ. ವರ್ತಕನ ತಟ್ಟೆಯೊಂದರ ಅಂಚು ಬಗ್ಗಿತು. ಅಪ್ಪನ ಹೆಸರಿಗೆ ಪೆಟ್ಟು ಬಿತ್ತೆಂದು ಅವನು ನೊಂದುಕೊಂಡ. ನಿಜವಾಗಿಯೂ ನೊಂದುಕೊಂಡ, ನಾಟಕವಲ್ಲ. ಮಾರನೆಯ ದಿನ ತನ್ನ ಹೆಸರಿನ ತಟ್ಟೆಗಳನ್ನೆಲ್ಲ ಆರಿಸಿ ಮನೆಗೆ ಒಯ್ದ. "ಜೋಪಾನವಾಗಿರಲಿ ಎಂದು ಒಯ್ದೆ, ಬೇಕಾದವರು ಬಂದು ಕೇಳಲಿ" ಎಂದ. ಅವನು ಒಯ್ದದ್ದನ್ನು ನೋಡಿ ಉಳಿದವರೂ ಒಯ್ದರು. ಕದ್ದವರು ಯಾರೂ ಇಲ್ಲ. ಎಲ್ಲರೂ ತಮ್ಮದನ್ನೇ ಒಯ್ದರು. ಕೋಣೆ ಖಾಲಿಯಾಯಿತು.

ಬೆಳ್ಳನೆಯ ತಟ್ಟೆಗಳು ಮತ್ತೆ ಬಂದವು. ಏರಿಯ ಹಿಂದೆ ಮತ್ತೆ ರಾಶಿ ಬಿತ್ತು.

ಅಷ್ಟರಲ್ಲಿ ಹಾಲಿನವಳ ಮಗಳಿಗೆ ಗಂಡು ಗೊತ್ತಾಯಿತು. ಹಾಲಿನವಳು ಇನ್ನೊಂದು ಕಡಸು ಕಟ್ಟಿದ್ದಳು. ಅದು ಅದೇ ಏರಿಯ ಹಿಂದೆ ಮೇಯುತ್ತಿತ್ತು. ತನ್ನ ಮನೆಯ ಮದುವೆಯಲ್ಲಿ ಬಿಸಾಡುವ ತಟ್ಟೆ ಹಾಕುವುದಿಲ್ಲ ಎಂದು ಅವಳು ಮನಸ್ಸು ಗಟ್ಟಿ ಮಾಡಿದಳು. ಊರೆಲ್ಲ ಉಣ್ಣಬೇಕು, ಬೀಗರೂ ಉಣ್ಣಬೇಕು. ಬೀಗರು ಹಸಿದು ಎದ್ದುಹೋದರೆ ಮಗಳು ಹೋದ ಮನೆಯಲ್ಲಿ ಬದುಕಿರುವವರೆಗೂ ಮಾತು ಕೇಳಬೇಕು. ಅವಳು ವರ್ತಕನ ಮನೆಗೆ ಹೋಗಿ ತಟ್ಟೆ ಕೇಳಿದಳು.

"ಕೊಡೋದಕ್ಕೇನೂ ಅಡ್ಡಿಯಿಲ್ಲಮ್ಮ. ಆದರೆ ಮೇಲೆ ನಮ್ಮಪ್ಪನ ಹೆಸರಿದೆ. ಒಂದು ಕಳೆದರೂ ಹೊಟ್ಟೆ ಉರಿಯುತ್ತೆ" ಎಂದ ವರ್ತಕ.

ಬೇರೆ ಮನೆಗಳಲ್ಲಿ, "ವರ್ತಕರು ಕೊಟ್ಟರಾ? ಅವರು ಕೊಟ್ಟರೆ ನಾವೂ ಕೊಡುತ್ತೇವೆ" ಎಂದರು.

ಅವಳು ಬರಿಗೈಯಲ್ಲಿ ಮನೆಗೆ ಬಂದಳು. ಮಗಳಿಗೆ ಕೊಟ್ಟು ಕಳಿಸಲೆಂದು ವರ್ಷಗಟ್ಟಲೆ ಒಂದೊಂದಾಗಿ ಕೂಡಿಟ್ಟ ತಟ್ಟೆಗಳಿದ್ದವು. ಒಂದು ಪಂಕ್ತಿಗೆ ಆಗುವಷ್ಟು. ಮಗಳನ್ನು ಕೇಳಿದಳು. ಮಗಳು ತಾನೇ ಅವುಗಳನ್ನು ಪೆಟ್ಟಿಗೆಯಿಂದ ತೆಗೆದುಕೊಟ್ಟಳು. ಹಾಲಿನವಳು ಅವುಗಳನ್ನು ಹೊತ್ತುಕೊಂಡು ಹೆಸರು ಹೊಡೆಯುವವನ ಹತ್ತಿರ ಹೋದಳು.

"ಮಗಳ ಹೆಸರೊಂದೇ ಹೊಡೀಲಾ, ಅಳಿಯಂದೂ ಸೇರಿಸ್ಲಾ?" ಎಂದು ಅವನು ಕೇಳಿದ.

"ಎರಡೂ ಬೇಡಪ್ಪ. ಕೆಂದಿ ಅಂತ ಹೊಡಿ."

"ಹಸು ಹೆಸರಾ?"

"ಹೂಂ. ಅವಳ ಹಾಲು ಕುಡೀದಿರೋ ಮನೆ ಈ ಊರಲ್ಲಿ ಯಾವುದಿದೆ ಹೇಳು."

ಮದುವೆಯ ದಿನ ಅಂಗಳದಲ್ಲಿ ಒಂದೇ ಪಂಕ್ತಿ ಕೂತಿತು. ಬೀಗರನ್ನು ಮೊದಲು ಕೂರಿಸಿದರು. ಊರಿನವರು ಹೊರಗೆ ಕಾದು ನಿಂತರು. ಬೀಗರ ಪಂಕ್ತಿ ಎದ್ದ ಮೇಲೆ ಹಾಲಿನವಳೂ ಮಗಳ ಗೆಳತಿಯರೂ ತಟ್ಟೆಗಳನ್ನು ಬೂದಿ ಹಾಕಿ ತಿಕ್ಕಿ ತೊಳೆದರು. ತೊಳೆದ ನೀರನ್ನು ಹಿತ್ತಲಿನ ತೆಂಗಿನ ಬುಡಕ್ಕೆ ಸುರಿದರು. ಎರಡನೆಯ ಪಂಕ್ತಿ ಕೂತಿತು. ಹೊರಗೆ ನಿಂತವರಲ್ಲಿ ಗೊಣಗಾಟ ಶುರುವಾಯಿತು. ಬಿಸಿಲು ನೆತ್ತಿಗೇರಿತು. ಇಷ್ಟು ನಿಧಾನವಾದರೆ ಕೊನೆಯವರು ಉಣ್ಣುವ ಹೊತ್ತಿಗೆ ಸಂಜೆಯಾಗುತ್ತದೆ ಎಂದು ಎಲ್ಲರಿಗೂ ಗೊತ್ತಾಯಿತು. ಕೆಲವರು ಮನೆಗೆ ಹೊರಟೂಬಿಟ್ಟರು. ಹಾಲಿನವಳು ಅದನ್ನು ನೋಡಿದಳು. ಆದರೂ ಮುಂದಿನ ಸುತ್ತು ತಿಕ್ಕಲು ಬೂದಿ, ನೀರು ಅಣಿಮಾಡಿಕೊಂಡಳು.

ಆ ಎರಡನೆಯ ಪಂಕ್ತಿಯಲ್ಲಿ ಎಣ್ಣೆ ವರ್ತಕ ಕೂತಿದ್ದ. ಅಭ್ಯಾಸದಂತೆ ತಟ್ಟೆಯನ್ನು ಓದಿದ. 'ಕೆಂದಿ' ಎಂದಿತ್ತು. ಬಡಿಸುವವನು ಅನ್ನ ಹಿಡಿದು ಬಂದು ನಿಂತರೂ ಅವನು ತಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ಅಪ್ಪನ ಬಾಯಿಗೆ ಒಳಲೆಯ ಮೂತಿಯಿಂದ ಹಾಲು ಬಿಟ್ಟದ್ದು ಅವನಿಗೆ ನೆನಪಾಯಿತು. ಅದೇ ಅಪ್ಪನ ಹೆಸರು ಹೇಳಿ ತಟ್ಟೆ ಇಲ್ಲವೆಂದು ಇವಳನ್ನು ವಾಪಸು ಕಳಿಸಿದ್ದೂ ನೆನಪಾಯಿತು. ಅವನಿಗೆ ಅಳು ಬಂತು. ತಲೆ ಬಗ್ಗಿಸಿ ಉಂಡ.

ಉಂಡು ಎದ್ದವನು ತಟ್ಟೆಯನ್ನು ಅಲ್ಲೇ ಬಿಟ್ಟು ಹೋಗಲಿಲ್ಲ. ತಾನೇ ಹಿತ್ತಲಿಗೆ ಒಯ್ದು ತೊಳೆದ. ಹೆಗಲ ಮೇಲಿನ ಶಲ್ಯದಿಂದ ಒರೆಸಿದ. ಬಾಗಿಲಲ್ಲಿ ಕಾದು ನಿಂತಿದ್ದವರಲ್ಲಿ ಮುಂದಿನವನ ಕೈಗೆ ಕೊಟ್ಟ. ಕೊಟ್ಟ ಮೇಲೆ ಮುಖ ನೋಡಿದ. ಅವನು ಅಕ್ಕಸಾಲಿಗ. ಅಕ್ಕಸಾಲಿಗ ತಟ್ಟೆಯನ್ನು ಓದಿ ನೋಡಿದ. ಬೇಡ ಎನ್ನಲು ಅದರ ಮೇಲೆ ಏನೂ ಇರಲಿಲ್ಲ. ಹೋಗಿ ಕೂತ. ವರ್ತಕನನ್ನು ನೋಡಿ ಆ ಪಂಕ್ತಿಯವರೆಲ್ಲ ತಾವು ಉಂಡ ತಟ್ಟೆ ತಾವೇ ತೊಳೆದರು. ಮುಂದಿನ ಪಂಕ್ತಿಗಳು ಬೇಗ ಬೇಗ ಎದ್ದವು. ಹೊರಟುಹೋಗಿದ್ದವರನ್ನು ಕರೆದು ತಂದರು. ಹೊತ್ತು ಇಳಿಯುವ ಮುಂಚೆ ಊರೆಲ್ಲ ಉಂಡಿತು. ಏರಿಯ ಹಿಂದೆ ಏನೂ ಬೀಳಲಿಲ್ಲ.

ಮಾರನೆಯ ಬೆಳಿಗ್ಗೆ ವರ್ತಕ ತನ್ನ ತಟ್ಟೆಗಳನ್ನೆಲ್ಲ ಗಾಡಿಯಲ್ಲಿ ಹೇರಿಕೊಂಡು ಹೆಸರು ಹೊಡೆಯುವವನ ಹತ್ತಿರ ಬಂದ. "ಮೇಲಿರೋದನ್ನ ಉಜ್ಜಿ ತೆಗೆದು, ಕೆಂದಿ ಅಂತ ಹೊಡಿ" ಎಂದ.

"ಕೆಳಗೆ ಸಣ್ಣದಾಗಿ ನಿಮ್ಮದೂ ಹಾಕ್ಲಾ?" ಎಂದು ಅವನು ಕೇಳಿದ.

ವರ್ತಕ ತಟ್ಟೆಯ ಮೇಲಿದ್ದ ಹೆಸರುಗಳ ಮೇಲೆ ಬೆರಳಾಡಿಸಿದ. ಆಸೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಆಮೇಲೆ, "ಬೇಡ" ಎಂದ.

ಕೋಣೆ ಮತ್ತೆ ತುಂಬಿತು. ಈ ಸಲ ಎಲ್ಲ ತಟ್ಟೆಗಳ ಮೇಲೂ ಒಂದೇ ಹೆಸರು. ತಟ್ಟೆಗಳು ಕಳೆಯಲಿಲ್ಲವೇ ಎಂದರೆ ಕಳೆದವು. ಒಬ್ಬರ ಮನೆಯಲ್ಲಿ ಕೋಳಿಗೆ ಕಾಳು ಹಾಕಲು ಬಳಸಿದ್ದೂ ಸಿಕ್ಕಿತು. ಆದರೆ ಕಡಿಮೆ ಬಿದ್ದಾಗಲೆಲ್ಲ ಯಾರೋ ಹೊಸದು ತಂದಿಡುತ್ತಿದ್ದರು. ಯಾರೆಂದು ತಿಳಿಯುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಉಳಿದ ಅನ್ನ, ಸಿಪ್ಪೆ ಹಾಕಲು ಛತ್ರದ ಹಿಂದೆ ಗುಂಡಿ ತೋಡಿದರು. ಆ ಗೊಬ್ಬರ ಕೆರೆಯ ಕೆಳಗಿನ ಗದ್ದೆಗಳಿಗೆ ಹೋಯಿತು. ಊರಿನವರೇ ಇಳಿದು ತೂಬು ಬಿಡಿಸಿದರು. ಏರಿಯ ಹಿಂದೆ ಹುಲ್ಲು ಬೆಳೆಯಿತು. ಹಾಲಿನವಳ ಕಡಸು ಅಲ್ಲೇ ಮೇಯ್ದು ದೊಡ್ಡದಾಯಿತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಚೆನ್ನವೀರನ ಮುಖ ಅರಳಿತ್ತು. "ತಿಳಿಯಿತು, ಗುರುಗಳೇ. ನಾಳೆಯೇ ಊರಿಗೆ ಹೋಗುತ್ತೇನೆ. ನಮ್ಮಲ್ಲೂ ಒಂದು ತಟ್ಟೆಗಳ ಕೋಣೆ ಮಾಡಿಸುತ್ತೇನೆ. ಮೊದಲ ಕೊಡುಗೆ ನನ್ನದೇ" ಎಂದ.

ಗುರುಗಳು ಅವನನ್ನು ನೋಡಿದರು. ಅವರ ನೋಟದಲ್ಲಿ ಸಿಟ್ಟಿರಲಿಲ್ಲ, ಮಗನ ಮೇಲಿನಂತೆ ಪ್ರೀತಿಯಿತ್ತು.

"ತಟ್ಟೆ ಹಾಗಿರಲಿ, ಚೆನ್ನವೀರ. ಗಿಡಗಳಿಗೆ ತಗಡು ಕಟ್ಟಿಸಿದ್ದೀಯಲ್ಲ, ಅದರ ಮೇಲೆ ಯಾರ ಹೆಸರಿದೆ?"

"ನನ್ನದೇ, ಗುರುಗಳೇ" ಎಂದ ಚೆನ್ನವೀರ.