ಮುದಿ ಸರ್ವರ್ ಇಡದ ಚುಕ್ಕಿ

ಕಾಲೇಜೊಂದರ ಮೂಲೆಕೋಣೆಯಲ್ಲಿ ವೆಬ್ ಹರಡುವ ಮುಂಚಿನ, ಗೋಫರ್ ಎಂಬ ಅಕ್ಷರಜಾಲದ ಕಾಲದ ಮುದಿ ಸರ್ವರ್ ಒಂದಿತ್ತು. ಹಕ್ಕಿಗಳದೊಂದು, ಮರಗಳದೊಂದು ಪಟ್ಟಿ, ಇಷ್ಟೇ ಅದರ ಆಸ್ತಿ. ಒಮ್ಮೆ ತಟ್ಟಿದರೆ ಕೇಳಿದ್ದೊಂದನ್ನು ಒಪ್ಪಿಸಿ, ಮುಗಿಯಿತೆಂದು ಕೊನೆಯ ಸಾಲಿನಲ್ಲಿ ಒಂಟಿ ಚುಕ್ಕಿಯಿಟ್ಟು ಬಾಗಿಲು ಹಾಕಿಕೊಳ್ಳುವುದು ಅದರ ಕಾಲದ ಶಿಷ್ಟಾಚಾರ.

ಒಂದು ದಿನ ಬಣ್ಣಬಣ್ಣದ ಬ್ರೌಸರ್ ಬಂದು, "ಚಿತ್ರ ಎಲ್ಲಿ? ವಿಡಿಯೋ ಎಲ್ಲಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋಯಿತು. ಅದರ ಹಿಂದೆಯೇ, ಕಪ್ಪು ಪರದೆಯಲ್ಲಿ ಅಕ್ಷರವನ್ನಷ್ಟೇ ತೋರಿಸುವ ಪುಟ್ಟ ಬ್ರೌಸರ್ ಬಾಗಿಲು ತಟ್ಟಿತು.

"ನನ್ನಲ್ಲಿರೋದು ಬರೀ ಅಕ್ಷರ ಕಣಪ್ಪ," ಎಂದಿತು ಮುದಿ ಸರ್ವರ್, ಮುಜುಗರದಿಂದ.

"ನನಗೆ ಬರೋದೂ ಅದೊಂದೇ ಅಜ್ಜ. ಹಕ್ಕಿಗಳ ಪಟ್ಟಿ ಹೇಳಿ."

ಗೀಜಗ, ಮರಕುಟಿಗ, ಗೊರವಂಕ ಎಂದು ಮುದಿ ಸರ್ವರ್ ಶುರುಮಾಡಿತು. ಕೇಳುವವರು ಸಿಕ್ಕಿ ಎಷ್ಟೋ ವರ್ಷವಾಗಿತ್ತು. ಪಟ್ಟಿ ಮುಗಿದರೂ ಚುಕ್ಕಿ ಬರಲಿಲ್ಲ. ಪುಟ್ಟ ಬ್ರೌಸರ್ ಕಾದೇ ಕಾಯಿತು.

"ಇನ್ನೂ ಇದೆಯಾ ಅಜ್ಜ?"

"ಇಲ್ಲ. ಚುಕ್ಕಿ ಇಟ್ಟರೆ ನೀನು ಹೊರಟುಹೋಗ್ತೀಯಲ್ಲ."

"ನೀವು ಬಾಗಿಲು ಹಾಕದೆ ನಾನು ಮತ್ತೆ ತಟ್ಟೋದು ಹೇಗೆ?"

ಮುದಿ ಸರ್ವರ್ ಒಲ್ಲದ ಮನಸ್ಸಿನಿಂದ ಚುಕ್ಕಿಯಿಟ್ಟು ಬಾಗಿಲು ಹಾಕಿತು. ಅಗುಳಿ ಬೀಳುವಷ್ಟರಲ್ಲೇ ಹೊರಗಿನಿಂದ ದನಿ ಕೇಳಿಸಿತು.

"ಅಜ್ಜ, ಈಗ ಮರಗಳದ್ದು."